ಅವಳಿ ಎಂಜಿನ್ ದೋಣಿಗಳಲ್ಲಿ ಜಾಯ್‌ಸ್ಟಿಕ್ ನಿಯಂತ್ರಣ: ಸಾರ್ವಜನಿಕರಿಗೆ ಮಾಹಿತಿ

ಎರಡು ಎಂಜಿನ್‌ಗಳುಳ್ಳ ಯಾಂತ್ರಿಕ ದೋಣಿಯನ್ನು ಜೆಟ್ಟಿಗೆ ತಂದು ನಿಲ್ಲಿಸುವಾಗ ಚಾಲಕರು ಚುಕ್ಕಾಣಿಯನ್ನೂ ಎರಡು ಲಿವರ್‌ಗಳನ್ನೂ ಏಕಕಾಲದಲ್ಲಿ ನಿರ್ವಹಿಸಬೇಕಾಗುತ್ತದೆ. ಈ ಕಾರ್ಯವನ್ನು ಒಂದೇ ಹಿಡಿಯಿಂದ ಮಾಡಲು ಅನುವಾಗುವ ಸಾಧನವೇ ಜಾಯ್‌ಸ್ಟಿಕ್. ವೋಲ್ವೊ ಪೆಂಟಾ ಸಂಸ್ಥೆಯು ತನ್ನ ಪಾಡ್ ಮಾದರಿಯ ಚಾಲನಾ ವ್ಯವಸ್ಥೆಗೆ ಇದನ್ನು 2006ರಲ್ಲಿ ಅಳವಡಿಸಿತು. ತರುವಾಯ ಔಟ್‌ಬೋರ್ಡ್ ಎಂಜಿನ್‌ಗಳಿಗೂ ಈ ಸೌಲಭ್ಯ ದೊರೆತಿದೆ.

ಕಾರ್ಯವಿಧಾನ
ಹಿಡಿಯನ್ನು ಬಾಗಿಸಿದ ದಿಕ್ಕಿಗೆ ದೋಣಿಯು ಸರಿಯುತ್ತದೆ. ಹಿಡಿಯನ್ನು ತಿರುಚಿದಲ್ಲಿ ನಿಂತಲ್ಲಿಯೇ ತಿರುಗುತ್ತದೆ. ಪಕ್ಕಕ್ಕೆ ಸರಿಯಬೇಕಾದಾಗ ಗಣಕವು ಒಂದು ಎಂಜಿನನ್ನು ಮುಂದಕ್ಕೂ ಮತ್ತೊಂದನ್ನು ಹಿಂದಕ್ಕೂ ಚಾಲನೆಗೊಳಿಸಿ, ಎರಡನ್ನೂ ಬೇರೆ ಬೇರೆ ಕೋನಗಳಿಗೆ ತಿರುಗಿಸುತ್ತದೆ. ಆಗ ಮುಂದಿನ ಹಾಗೂ ಹಿಂದಿನ ಬಲಗಳು ಪರಸ್ಪರ ಸರಿದೂಗಿ, ಪಕ್ಕದ ಬಲ ಮಾತ್ರ ಉಳಿಯುತ್ತದೆ.

ಗಮನಿಸಬೇಕಾದ ಅಂಶಗಳು
1. ಈ ವಿಧಾನದಲ್ಲಿ ಎಂಜಿನ್ ಶಕ್ತಿಯು ಮಿತವಾಗಿರುವುದರಿಂದ, ಬಲವಾದ ಗಾಳಿ ಅಥವಾ ಸೆಳೆತವಿದ್ದಲ್ಲಿ ದೋಣಿಯು ಹಿಡಿತ ತಪ್ಪಬಹುದು.
2. ಉಪಗ್ರಹದ ನೆರವಿನಿಂದ ದೋಣಿಯನ್ನು ಒಂದೆಡೆ ನಿಲ್ಲಿಸುವ ಸೌಲಭ್ಯವು ಚಾಲ್ತಿಯಲ್ಲಿದ್ದಾಗ, ಹಿಡಿಯನ್ನು ಮುಟ್ಟದಿದ್ದರೂ ಪ್ರೊಪೆಲರ್‌ಗಳು ತಾವಾಗಿಯೇ ತಿರುಗಬಹುದು. ಸಮೀಪದ ನೀರಿನಲ್ಲಿರುವವರ ಪ್ರಾಣಕ್ಕೆ ಇದರಿಂದ ಅಪಾಯವಿರುತ್ತದೆ. ಯಾರೇ ನೀರಿಗಿಳಿಯುವ ಮುನ್ನ ಎಂಜಿನ್‌ಗಳನ್ನು ಸಂಪೂರ್ಣವಾಗಿ ನಿಲ್ಲಿಸತಕ್ಕದ್ದು.
3. ವಿದ್ಯುನ್ಮಾನ ದೋಷ ಉಂಟಾದಲ್ಲಿ ಲಿವರ್‌ಗಳಿಂದಲೇ ದೋಣಿಯನ್ನು ದಡ ಸೇರಿಸುವ ಅಭ್ಯಾಸವನ್ನು ಚಾಲಕರು ಹೊಂದಿರತಕ್ಕದ್ದು.

ಒಳನಾಡು ಜಲಮಾರ್ಗಗಳಲ್ಲಿ ಸಂಚರಿಸುವ ಯಾಂತ್ರಿಕ ನೌಕೆಗಳ ಸಮೀಕ್ಷೆ, ನೋಂದಣಿ ಹಾಗೂ ಸಿಬ್ಬಂದಿಯ ಅರ್ಹತಾ ಪ್ರಮಾಣಪತ್ರಗಳಿಗೆ ಒಳನಾಡು ನೌಕೆಗಳ ಅಧಿನಿಯಮ, 2021 ಅನ್ವಯಿಸುತ್ತದೆ. ಜಾಯ್‌ಸ್ಟಿಕ್ ಅಳವಡಿಸಿದ ಮಾತ್ರಕ್ಕೆ ಇವುಗಳಿಂದ ವಿನಾಯಿತಿ ಇರುವುದಿಲ್ಲ. ಅರ್ಜಿದಾರರು ಸದರಿ ಸಾಧನವನ್ನು ಸಹಾಯಕವೆಂದು ಮಾತ್ರ ಪರಿಗಣಿಸತಕ್ಕದ್ದು.