ತೂಕದ ಮುಳ್ಳೂ ಮುಂಜಾನೆಯ ಓಟವೂ

ಐವತ್ತು ದಾಟಿದ ಉಪಾಧ್ಯಾಯನೊಬ್ಬ ಬೆಳಗಿನ ಹೊತ್ತು ಬೀದಿಯಲ್ಲಿ ಓಡುತ್ತಿದ್ದರೆ ಎದುರಿಗೆ ಬಂದವರು ಗಾಬರಿಯಿಂದ ಕೇಳುವುದು ಒಂದೇ ಪ್ರಶ್ನೆ: “ಏನಾಯಿತು ಮೇಷ್ಟ್ರೇ?” ತಪ್ಪು ಅವರದಲ್ಲ. ನಮ್ಮ ಮಾತಿನಲ್ಲಿ ಓಟಕ್ಕೆ ಕಾರಣವೊಂದು ಇರಲೇಬೇಕು. ಬಸ್ಸು ತಪ್ಪುವಂತಿದ್ದರೆ ಓಡಬೇಕು, ನಾಯಿ ಅಟ್ಟಿದರೆ ಓಡಬೇಕು. ಓಟ ಕಿತ್ತವನು ಹೇಡಿ, ಊರು ಬಿಟ್ಟು ಓಡಿದವನು ಸಾಲಗಾರ. ಸುಮ್ಮನೆ ಸಂತೋಷಕ್ಕೆ ಓಡುವ ಹಕ್ಕನ್ನು ಮಕ್ಕಳಿಗೆ ಮಾತ್ರ ಬಿಟ್ಟುಕೊಟ್ಟಿದ್ದೇವೆ.

ಈಗೀಗ ದೊಡ್ಡವರಿಗೂ ಒಂದು ಕಾರಣ ದೊರೆತಿದೆ, ಅದು ಹೊಟ್ಟೆ. ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ತಲೆದೋರಿ, ವೈದ್ಯರು “ತೂಕ ಇಳಿಸಿ” ಎಂದೊಡನೆ ಮನೆಗೆ ಹೊಸ ಬೂಟು ಬರುತ್ತದೆ, ತೂಕದ ಯಂತ್ರವೂ ಬರುತ್ತದೆ. ತಿಂಗಳು ಕಳೆಯುವುದರೊಳಗೆ ಎರಡೂ ಮಂಚದ ಕೆಳಗೆ ಸೇರುತ್ತವೆ. ಗಣಿತ ಹೇಳುವ ನನ್ನ ಸಹೋದ್ಯೋಗಿಯೊಬ್ಬರು ಹೀಗೆಯೇ ಕೈಬಿಟ್ಟರು. “ತಿಂಗಳೆಲ್ಲ ಓಡಿದೆ, ಮುಳ್ಳು ಒಂದು ಗೀಟು ಸರಿಯಿತು, ಅಷ್ಟೆ” ಎಂಬುದು ಅವರ ದೂರು.

ಆ ಒಂದು ಗೀಟಿನ ಲೆಕ್ಕವನ್ನು ನೋಡೋಣ. ಓಡುವಾಗ ಮೈತೂಕದ ಪ್ರತಿ ಕಿಲೋಗೆ, ಕ್ರಮಿಸಿದ ಪ್ರತಿ ಕಿಲೋಮೀಟರಿಗೆ ಸುಮಾರು 1 ಕ್ಯಾಲೊರಿ ಖರ್ಚಾಗುತ್ತದೆ. 75 ಕಿಲೋ ತೂಗುವವರು 3 ಕಿಲೋಮೀಟರು ಓಡಿದರೆ 225 ಆಯಿತು. ದೇಹದ ಕೊಬ್ಬು 1 ಕಿಲೋ ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಖರ್ಚಾಗಬೇಕು. ಭಾಗಿಸಿ ನೋಡಿ: 34 ದಿನ! ಯಂತ್ರ ಸುಳ್ಳು ಹೇಳಿರಲಿಲ್ಲ. ಗಣಿತದವರೇ ಭಾಗಾಕಾರ ಮಾಡಿರಲಿಲ್ಲ. ಇದೂ ಕೂಡ ಊಟ ಹೆಚ್ಚದಿದ್ದರೆ ಮಾತ್ರ. ಓಡಿ ಬಂದೆನೆಂಬ ಧೈರ್ಯದ ಮೇಲೆ ಹೋಟೆಲಿಗೆ ಹೊಕ್ಕು ಒಂದು ಮಸಾಲೆದೋಸೆ ತಿಂದರೆ ಬೆಳಗಿನ ಸಂಪಾದನೆ ಬೆಳಗ್ಗೆಯೇ ಖರ್ಚು. ಕೆಲವರು ದಪ್ಪ ಅಂಗಿ ತೊಟ್ಟು ಬೆವರಿಳಿಸಿ, ಕೊಬ್ಬು ಇಳಿಯಿತೆಂದು ಹಿಗ್ಗುತ್ತಾರೆ. ಬೆವರು ಬರಿಯ ನೀರು, ಉಪ್ಪು. ಎರಡು ಲೋಟ ನೀರು ಕುಡಿದರೆ ಮರಳಿ ಬಂತು. ಕರಗಿದ ಕೊಬ್ಬಿನ ಹೆಚ್ಚಿನ ಪಾಲು ಹೊರಟುಹೋಗುವುದು ನಾವು ಬಿಡುವ ಉಸಿರಿನಲ್ಲಿ, ಇಂಗಾಲಾಮ್ಲವಾಗಿ.

ಆದ್ದರಿಂದ ತೂಕ ಇಳಿಸುವ ಭಾರವನ್ನು ಹೆಚ್ಚಾಗಿ ಊಟದ ಎಲೆಯೇ ಹೊರಬೇಕು. ಎರಡನೆಯ ಸಲದ ಅನ್ನವನ್ನೂ ಸಂಜೆಯ ಕರಿದ ತಿಂಡಿಯನ್ನೂ ಬಿಟ್ಟವರಿಗೆ ಓಟ ಒಳ್ಳೆಯ ಜೊತೆಗಾರ. ಇಳಿದ ತೂಕ ಮತ್ತೆ ಏರದಂತೆ ಕಾಯುವುದಕ್ಕೂ ಅದು ಬೇಕು. ಹೃದಯಕ್ಕೆ, ನಿದ್ರೆಗೆ, ರಕ್ತದ ಸಕ್ಕರೆಗೆ ಅದರಿಂದಾಗುವ ಉಪಕಾರವಂತೂ ಮುಳ್ಳು ಸರಿಯಲಿ ಬಿಡಲಿ ದೊರೆಯುವಂಥದು. ಆದರೆ ವರ್ಷಗಟ್ಟಲೆ ನಡೆದರೆ ತಾನೇ ಉಪಕಾರ? ಹಿಡಿಸದ ಕೆಲಸವನ್ನು ಯಾರು ಅಷ್ಟು ಕಾಲ ಮಾಡುತ್ತಾರೆ?

ಹಿಡಿಸದಿರುವುದಕ್ಕೆ ಕಾರಣ ಬಹುಮಟ್ಟಿಗೆ ವೇಗ. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಎಂಬ ತರಬೇತುದಾರರು 1960ರ ರೋಮ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಪೀಟರ್ ಸ್ನೆಲ್, ಮರ್ರೆ ಹಾಲ್‌ಬರ್ಗ್ ಇವರ ಗುರು. ಅವರೇ ಆಕ್ಲೆಂಡಿನಲ್ಲಿ ಹೊಟ್ಟೆ ಬಂದ ಗೃಹಸ್ಥರನ್ನೂ ಹೃದ್ರೋಗದಿಂದ ಚೇತರಿಸಿಕೊಂಡವರನ್ನೂ ನಿಧಾನವಾಗಿ ಓಡಿಸತೊಡಗಿದರು. 1962ರ ಕೊನೆಯಲ್ಲಿ ಅಮೆರಿಕದ ಆರೆಗಾನ್ ವಿಶ್ವವಿದ್ಯಾನಿಲಯದ ಓಟದ ಗುರು ಬಿಲ್ ಬವರ್‌ಮನ್ ಅಲ್ಲಿಗೆ ಹೋಗಿ ಆ ಗುಂಪಿನೊಡನೆ ಓಡಿದರು. ಅವರಿಗೆ 51 ವರ್ಷ. ಇತರರಿಗೆ ಓಡಲು ಕಲಿಸುವವರು ತಾವು ಓಡಲಾರದೆ ಹಿಂದೆ ಬಿದ್ದರು! ಎಪ್ಪತ್ತು ದಾಟಿದ, ಹಿಂದೆ ಹೃದಯಾಘಾತವಾಗಿದ್ದ ವೃದ್ಧರೊಬ್ಬರು ಅವರಿಗಾಗಿ ನಿಧಾನಿಸಿ, ಮಾತನಾಡುತ್ತ ಜೊತೆಗೆ ಬಂದರು. ಮುದುಕರಿಗೆ ಮಾತಿಗೆ ಉಸಿರುಂಟು, ಗುರುವಿಗೆ ಉತ್ತರಕ್ಕೆ ಉಸಿರಿಲ್ಲ. ಊರಿಗೆ ಮರಳಿದ ಬವರ್‌ಮನ್ ಅಲ್ಲಿನ ಜನಸಾಮಾನ್ಯರಿಗೆ ಈ ಮಂದವಾದ ಓಟವನ್ನೇ ಕಲಿಸಿದರು. ಜಾಗಿಂಗ್ ಎಂಬ ಮಾತು ಅಮೆರಿಕದಲ್ಲಿ ಮನೆಮಾತಾದುದು ಆಮೇಲೆ. ಕುದುರೆಯ ಇಂಥ ನಡಿಗೆಗೆ ಕನ್ನಡದಲ್ಲಿ ಕುಕ್ಕುಲೋಟವೆಂಬ ಸೊಗಸಾದ ಹೆಸರಿದೆ, ಅದನ್ನೇ ಬಳಸಬಹುದಲ್ಲ!

ಹೊಸಬರು ಒಂದು ನಿಮಿಷ ಕುಕ್ಕುಲೋಟ, ಎರಡು ನಿಮಿಷ ನಡಿಗೆ, ಹೀಗೆ ಇಪ್ಪತ್ತು ನಿಮಿಷ, ದಿನ ಬಿಟ್ಟು ದಿನ ಮಾಡಿದರೆ ಸಾಕು. ಹೃದಯದ ತೊಂದರೆ, ಮಂಡಿನೋವು ಇದ್ದವರು, ಸಕ್ಕರೆಗೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಹೊರಡಬಾರದು. ನೀರು, ಉಪ್ಪಿನ ವ್ಯತ್ಯಾಸದಿಂದಲೇ ತೂಕ ದಿನದಿನವೂ ಏರಿಳಿಯುವುದರಿಂದ ಯಂತ್ರವನ್ನು ವಾರಕ್ಕೊಮ್ಮೆ ಹತ್ತಿದರೆ ಸಾಕು.

ವೇಗ ಹದವಾಗಿದೆಯೇ ಎಂದು ತಿಳಿಯಲು ನಾನು ಗದುಗಿನ ಭಾರತದ ಪದ್ಯವೊಂದನ್ನು ಹೇಳಿಕೊಳ್ಳುತ್ತೇನೆ. ಭಾಮಿನಿಯಲ್ಲಿ ಮೂರನೆಯ ಸಾಲು ಉದ್ದ. ಅದು ಮುರಿಯದೆ ಸಾಗಿದರೆ ವೇಗ ಸರಿ, ನಡುವೆ ಉಸಿರು ಕಟ್ಟಿದರೆ ನಡಿಗೆಗೆ ಇಳಿಯುತ್ತೇನೆ. ನಮ್ಮ ಗಣಿತದ ಮೇಷ್ಟ್ರು ಹೋದ ತಿಂಗಳಿನಿಂದ ಮತ್ತೆ ಬರುತ್ತಿದ್ದಾರೆ. ಷಟ್ಪದಿ ಅವರಿಗೆ ಒಗ್ಗದು. ಹದಿಮೂರರ ಮಗ್ಗಿ ಹೇಳಿಕೊಂಡು ಓಡುತ್ತಾರೆ.