ಬೈದರೂ ಬಿಡದು, ಲಗ್ನ ಮಾಡಿದರೂ ಬಿಡದು!

ಮಹಾಲಿಂಗಪುರ: ಇಸ್ಪೀಟು, ಓಸಿ, ಸೆರೆ. ಈ ಮೂರು ಚಟಗಳ ಹೆಸರನ್ನು ಬೆಲ್ಲದ ಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳಿಯಾರು. ನಾಲ್ಕನೆಯದರ ಹೆಸರು ಮಾತ್ರ ಯಾರ ಬಾಯಿಂದಲೂ ಬರುವುದಿಲ್ಲ. ಅದಕ್ಕೆ ಅಡ್ಡೆ ಬೇಡ, ಜೊತೆಗಾರರು ಬೇಡ, ವಾಸನೆಯೂ ಇಲ್ಲ. ಮಗ್ಗ ನಿಂತು, ಅಂಗಡಿ ಬಾಗಿಲು ಹಾಕಿ, ಮನೆಮಂದಿ ಮಲಗಿದ ಮೇಲೆ ಕೌದಿಯೊಳಗೆ ಮೊಬೈಲಿನ ಬೆಳಕಿನಲ್ಲಿ ನಡೆಯುವ ವ್ಯವಹಾರ ಅದು. ಅಶ್ಲೀಲ ಚಿತ್ರ ನೋಡುವ, ಗುರುತಿಲ್ಲದವರೊಡನೆ ಅಂಥದೇ ಮಾತಿಗಿಳಿಯುವ ಚಟ.

2016ರಲ್ಲಿ ಜಿಯೋ ಬಂದ ಬಳಿಕ ಇಂಟರ್ನೆಟ್ಟು ಅಗ್ಗವಾಯಿತು. 2018ರ ಅಕ್ಟೋಬರ್‌ನಲ್ಲಿ ಉತ್ತರಾಖಂಡ ಹೈಕೋರ್ಟಿನ ಆದೇಶದಂತೆ ಕೇಂದ್ರ ಸರಕಾರವು 827 ಅಶ್ಲೀಲ ತಾಣಗಳನ್ನು ಮುಚ್ಚಿಸಲು ಹೇಳಿತು. ಬಾಗಿಲು ಹಾಕಿದರೇನು, ಕಿಟಕಿಗಳಿಗೆ ಬರವೆ?

ಇದು ಕೆಟ್ಟ ನಡತೆಯೋ, ರೋಗವೋ?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ, 2022ರ ಜನವರಿ 1ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಕಾಮದ ತುಡಿತ ಕೈಮೀರುವುದಕ್ಕೂ ಜಾಗ ಸಿಕ್ಕಿದೆ. ಸೆರೆ, ಜೂಜಿನ ಸಾಲಿನಲ್ಲಲ್ಲ. ಮನಸ್ಸಿನ ತುಡಿತ ತಡೆಯಲಾಗದ ಕಾಯಿಲೆಗಳ ಸಾಲಿನಲ್ಲಿ. ಚಟವೆನ್ನಬೇಕೋ ಬೇಡವೋ ಎಂದು ತಜ್ಞರು ವಾದಿಸುತ್ತಲೇ ಇದ್ದಾರೆ. ಹೆಸರು ಏನೇ ಇರಲಿ, ಲಕ್ಷಣ ಚಟದ್ದೇ.

ಆರು ತಿಂಗಳು ಅಥವಾ ಇನ್ನೂ ಹೆಚ್ಚು ಕಾಲ ತುಡಿತ ಹಿಡಿತಕ್ಕೆ ಸಿಗುವುದಿಲ್ಲ. ಬಿಡಬೇಕೆಂದು ಮತ್ತೆ ಮತ್ತೆ ಹೆಣಗಿ ಸೋಲುತ್ತಾನೆ. ದುಡಿಮೆ, ಸಂಸಾರ ಹಾಳಾದರೂ, ಮೊದಲಿನ ಸುಖ ಸಿಗದಿದ್ದರೂ ನಿಲ್ಲಿಸಲಾಗುವುದಿಲ್ಲ. ಹಾಗಂತ ಒಮ್ಮೆ ಇಮ್ಮೆ ನೋಡಿದವರೆಲ್ಲ ರೋಗಿಗಳಲ್ಲ. ‘ಪಾಪ ಮಾಡಿದೆ’ ಎಂಬ ಅಳುಕೊಂದೇ ರೋಗವಲ್ಲವೆಂದೂ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ.

ಬೈಗುಳದಿಂದ ಇದು ಬಿಡದಿರಲು ಕಾರಣವುಂಟು. ಬೇಸರ, ಒಂಟಿತನ, ಸಾಲದ ಚಿಂತೆ ಮರೆಯಲು ನೋಡುತ್ತಾನೆ. ನೋಡಿದ ಮೇಲೆ ನಾಚಿಕೆ. ಆ ನಾಚಿಕೆ ಮರೆಯಲು ಮತ್ತೆ ಮೊಬೈಲು. ಗಾಣದ ಎತ್ತಿನ ಸುತ್ತು ಇದು. ಬೈದಷ್ಟೂ ನಾಚಿಕೆ ಹೆಚ್ಚುತ್ತದೆ, ಸುತ್ತು ಬಿಗಿಯಾಗುತ್ತದೆ.

“ಲಗ್ನಾ ಮಾಡ್ರಿ, ಎಲ್ಲಾ ಸರಿ ಹೋಗತೈತಿ” ಎಂಬುದು ಈ ಕಡೆಯ ಹಿರಿಯರ ಔಷಧಿ. ಇದು ಅಪಾಯದ ಔಷಧಿ. ಕಾಯಿಲೆ ಹಾಗೇ ಉಳಿದು, ಏನೂ ಅರಿಯದ ಪರರ ಮನೆಯ ಹೆಣ್ಣುಮಗಳೊಬ್ಬಳು ಅದಕ್ಕೆ ಪಾಲುದಾರಳಾಗುತ್ತಾಳೆ. ತಪ್ಪು ತನ್ನದೇ ಇರಬೇಕೆಂದು ಒಳಗೊಳಗೇ ಕೊರಗುತ್ತಾಳೆ.

ಎಲ್ಲಿಗೆ ಹೋಗಬೇಕು?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲು, ಇಂಟರ್ನೆಟ್ಟಿನ ಚಟ ಹತ್ತಿದವರಿಗಾಗಿ 2014ರಲ್ಲಿ ‘ಶಟ್’ ಎಂಬ ಕ್ಲಿನಿಕ್ಕು ಶುರುವಾಯಿತು. ಅಷ್ಟು ದೂರ ಆಗದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಮಾತಿನ ಮೂಲಕವೇ ಚಿಕಿತ್ಸೆ ಕೊಡುವ ಪದ್ಧತಿಯುಂಟು; ಜೊತೆಗೆ ಖಿನ್ನತೆ, ಆತಂಕವಿದ್ದರೆ ಅದಕ್ಕೂ ಮದ್ದುಂಟು.

ಬಸ್ಸು ಹತ್ತಲು ಸಂಕೋಚವೆ? 2022ರ ಅಕ್ಟೋಬರ್ 10ರಂದು ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನು ಮಾಡಬಹುದು. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ಪೈಸೆ ಖರ್ಚಿಲ್ಲ. ಗಂಡನೇ ಮಾಡಬೇಕೆಂದಿಲ್ಲ, ಹೆಂಡತಿ, ತಾಯಿ, ಅಣ್ಣ ಯಾರೂ ಮಾಡಿ ಕೇಳಬಹುದು.