ಕಿರುತೆರೆಯ ಮುಖಗಳು: ಒಬ್ಬರು ಇಷ್ಟ, ಇನ್ನೊಬ್ಬರು ಕಷ್ಟ! ಯಾಕೆ ಸ್ವಾಮಿ?

ಬೆಳ್ಳಿತೆರೆಯ ಮೇಲೆ ನಮ್ಮ ಹೀರೋ ಬಂದರೆ ಶಿಳ್ಳೆ ಹೊಡೀತೀವಿ, ಪೇಪರ್ ಚೂರು ತೂರ್ತೀವಿ. ಅದೇ ಹೀರೋ ಟಿವಿಯಲ್ಲಿ ಮೈಕ್ ಹಿಡಿದು ನಿಂತರೆ ಕೆಲವು ಸಲ ಹತ್ತೇ ನಿಮಿಷಕ್ಕೆ ‘ಲೋ, ಚಾನೆಲ್ ಬದಲಾಯಿಸೋ’ ಅಂತೀವಿ. ಮುಖ ಅದೇ, ನಗು ಅದೇ, ಮೀಸೆಯೂ ಅದೇ! ಇನ್ನೊಂದು ಕಡೆ ಒಂದು ಫೈಟ್ ಮಾಡದ, ಒಂದು ಡ್ಯೂಯೆಟ್ ಹಾಡದ ವ್ಯಕ್ತಿಯೊಬ್ಬರು ಕುರ್ಚಿಯಲ್ಲಿ ಕೂತು ಪ್ರಶ್ನೆ ಕೇಳುತ್ತಿದ್ದರೆ ಮನೆಮಂದಿಯೆಲ್ಲ ಊಟದ ತಟ್ಟೆ ಹಿಡಿದು ನೋಡುತ್ತಾರೆ. ಇದೇನು ಮಾಯೆ?

ಮಾಯೆಯೂ ಇಲ್ಲ, ಮಂತ್ರವೂ ಇಲ್ಲ. ಥಿಯೇಟರಿಗೆ ನಾವು ಹೋಗುತ್ತೇವೆ. ದುಡ್ಡು ಕೊಟ್ಟು, ಕತ್ತಲಲ್ಲಿ ಕೂತು, ತಲೆಯೆತ್ತಿ ನೋಡುತ್ತೇವೆ. ಹೀರೋ ನಮ್ಮನ್ನು ನೋಡುವುದೇ ಇಲ್ಲ. ಅವನ ಕಣ್ಣು ನಾಯಕಿಯ ಮೇಲೆ, ಇಲ್ಲವೇ ವಿಲನ್ ಮೇಲೆ. ಅವನ ಮಾತು ಸಂಭಾಷಣೆಕಾರರದ್ದು, ಏಟು ಸಾಹಸ ನಿರ್ದೇಶಕರದ್ದು, ಕೆಟ್ಟ ನಗುವೇನಾದರೂ ಇದ್ದರೆ ಸಂಕಲನಕಾರರ ಕತ್ತರಿ ಇದ್ದೇ ಇದೆ. ಟಿವಿಯವನು ಹಾಗಲ್ಲ. ಅವನೇ ನಮ್ಮ ಮನೆಗೆ ಬರುತ್ತಾನೆ. ನಾವು ಲುಂಗಿ ಬನಿಯನ್ನಿನಲ್ಲಿ ಕೂತು ಅನ್ನ ಸಾರು ಕಲಸುತ್ತಿರುವಾಗ ಲೆನ್ಸಿನ ಒಳಗಿಂದ ನೇರ ನಮ್ಮ ಕಣ್ಣಿಗೇ ಕಣ್ಣಿಟ್ಟು ‘ಹೇಗಿದ್ದೀರಾ?’ ಅನ್ನುತ್ತಾನೆ. ಕಣ್ಣು ಅತ್ತಿತ್ತ ಓಡಿದರೆ ಸಾಕು, ಎದುರಿಗಿರುವ ಪರದೆಯಲ್ಲಿ ಬರೆದದ್ದನ್ನು ಓದುತ್ತಿದ್ದಾನೆ ಅಂತ ಮಗುವಿಗೂ ಗೊತ್ತಾಗುತ್ತದೆ.

ಅಮೆರಿಕದ ಡೊನಾಲ್ಡ್ ಹಾರ್ಟನ್, ರಿಚರ್ಡ್ ವೋಲ್ ಎಂಬಿಬ್ಬರು 1956ರಲ್ಲೇ, ಟಿವಿ ಇನ್ನೂ ಎಳೆಗೂಸಾಗಿದ್ದಾಗ, ಈ ವಿಷಯ ಬರೆದಿದ್ದರು. ನಮ್ಮನ್ನು ಕಂಡೇ ಇಲ್ಲದವರ ಜೊತೆ ನಮಗೆ ಬೆಳೆಯುವ ಗೆಳೆತನವನ್ನು ಅವರು ‘ದೂರದಿಂದಲೇ ಆತ್ಮೀಯತೆ’ ಎಂಬರ್ಥದ ಮಾತಿನಲ್ಲಿ ಕರೆದರು. ನಮ್ಮಜ್ಜಿಗೆ ಈ ದೊರೆಗಳ ಹೆಸರು ಗೊತ್ತಿರಲಿಲ್ಲ. ಆದರೆ ವಾರ್ತೆ ಓದುವವರು ‘ನಮಸ್ಕಾರ’ ಅಂದರೆ ತಾನೂ ಕೈ ಮುಗೀತಿದ್ದಳು!

ಈಗ ಹೇಳಿ, ಮನೆಗೆ ಬಂದ ನೆಂಟ ಎಂಥವನು ಅಂತ ನಾವು ಹೇಗೆ ಅಳೀತೀವಿ? ಅವನ ಶರ್ಟು ನೋಡಿ ಅಲ್ಲ. ಮನೆಯ ಮುದುಕರನ್ನ, ಮಕ್ಕಳನ್ನ ಹೇಗೆ ಮಾತಾಡಿಸ್ತಾನೆ ಅನ್ನೋದನ್ನ ನೋಡಿ. ಟಿವಿಯಲ್ಲೂ ಲೆಕ್ಕ ಅದೇ. ನಿರೂಪಕನ ಎದುರಿಗೆ ನಡುಗುತ್ತ ನಿಂತ ಹಳ್ಳಿ ಹುಡುಗ ನಮ್ಮ ಕಡೆಯವನು. ಅವನಿಗೆ ಮರ್ಯಾದೆ ಸಿಕ್ಕರೆ ನಮಗೆ ಸಿಕ್ಕ ಹಾಗೆ, ಅವನನ್ನ ಆಡಿಕೊಂಡರೆ ನಮ್ಮನ್ನ ಆಡಿಕೊಂಡ ಹಾಗೆ.

ಪುನೀತ್ ರಾಜ್‌ಕುಮಾರ್ ಅವರನ್ನೇ ತೆಗೆದುಕೊಳ್ಳಿ. 2012ರಲ್ಲಿ ಸುವರ್ಣ ವಾಹಿನಿಯಲ್ಲಿ ‘ಕನ್ನಡದ ಕೋಟ್ಯಧಿಪತಿ’ ಶುರುವಾದಾಗ ನನಗೆ ಅನುಮಾನವೇ ಇತ್ತು. ಪವರ್ ಸ್ಟಾರ್ ಕುಣೀತಾರೆ, ಹಾರ್ತಾರೆ, ಸರಿ. ಕೂತು ಮಾತಾಡೋದು ಹೇಗೆ ಅಂತ. ಆದರೆ ಅಲ್ಲಿ ಕಂಡದ್ದು ಸ್ಟಾರ್ ಅಲ್ಲ, ಅಪ್ಪು! ಹಾಟ್ ಸೀಟಿನಲ್ಲಿ ಕೂತವರಿಗೆ ಬಾಯಿ ಒಣಗಿದರೆ ಅವರನ್ನು ಮೊದಲು ಮನೆಯ ವಿಷಯಕ್ಕೆ ಎಳೆದು ನಗಿಸೋರು. ತಾನು ಕಡಿಮೆ ಮಾತಾಡಿ ಅವರಿಂದ ಹೆಚ್ಚು ಮಾತಾಡಿಸೋರು. ತಪ್ಪು ಉತ್ತರ ಬಂದರೆ ಅವರ ಮುಖವೇ ಬಾಡೋದು. ಅದರಲ್ಲಿ ನಟನೆ ಎಷ್ಟು ಅಂತ ಕೇಳಬೇಡಿ. ಆರು ತಿಂಗಳ ಕೂಸಾಗಿದ್ದಾಗಲೇ ‘ಪ್ರೇಮದ ಕಾಣಿಕೆ’ಯಲ್ಲಿ ಕ್ಯಾಮೆರಾ ಕಂಡವರು ಅವರು. ಅವರಿಗೆ ಕ್ಯಾಮೆರಾ ಅಂದರೆ ಭಯವೂ ಇಲ್ಲ, ಅದಕ್ಕೆ ತೋರಿಸಿಕೊಳ್ಳಬೇಕೆಂಬ ಆತುರವೂ ಇಲ್ಲ. 2021ರ ಅಕ್ಟೋಬರ್ 29ರಂದು ಅವರು ಹೋದಾಗ, ಅವರ ಸಿನಿಮಾ ಹೆಚ್ಚು ನೋಡದ ಅಜ್ಜಿಯರೂ ಮನೆಮಗ ಹೋದಂತೆ ಅತ್ತರಲ್ಲ, ಅದರಲ್ಲಿ ಈ ಕೋಟ್ಯಧಿಪತಿಯ ಪಾಲೂ ಇದೆ ಅಂತ ನನ್ನ ನಂಬಿಕೆ.

ಉಲ್ಟಾ ದಾರಿಯಲ್ಲಿ ಬಂದವರು ಗಣೇಶ್. ಉದಯ ಟಿವಿಯ ‘ಕಾಮಿಡಿ ಟೈಮ್’ ನೆನಪಿದೆಯಾ? ಫೋನ್ ಮಾಡಿದವರ ಜೊತೆ ಪಕ್ಕದ ಮನೆ ಹುಡುಗನ ಹಾಗೆ ಹರಟೆ, ತನ್ನನ್ನೇ ತಾನು ಗೇಲಿ ಮಾಡಿಕೊಳ್ಳೋದು. 2006ರಲ್ಲಿ ‘ಚೆಲ್ಲಾಟ’, ಅದೇ ವರ್ಷದ ಕೊನೆಗೆ ‘ಮುಂಗಾರು ಮಳೆ’. ಆ ಚಿತ್ರದಲ್ಲಿ ದೇವದಾಸ ಅನ್ನೋ ಮೊಲದ ಜೊತೆ ಅವರು ಪಟಪಟ ಮಾತಾಡ್ತಾರಲ್ಲ, ನನ್ನ ಕೇಳಿದರೆ ಅದು ‘ಕಾಮಿಡಿ ಟೈಮ್’ ಮಾತೇ. ಮೊಲದ ಜಾಗದಲ್ಲಿ ಅಷ್ಟು ದಿನ ನಾವಿದ್ದೆವು ಅಷ್ಟೇ!

ಆದರೆ ಈ ವಿದ್ಯೆಯಲ್ಲಿ ಗುರು ಅಂದರೆ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಈಟಿವಿ ಕನ್ನಡದ ‘ಎದೆ ತುಂಬಿ ಹಾಡುವೆನು’. ಎದುರಿಗೆ ಹನ್ನೊಂದು ಹನ್ನೆರಡರ ಹುಡುಗಿ. ಶ್ರುತಿ ಜಾರಿದೆ, ಒಂದು ಪದದ ಉಚ್ಚಾರ ತಪ್ಪಿದೆ. ಬಿಡುತ್ತಾರಾ? ಬಿಡೋದಿಲ್ಲ. ತಪ್ಪನ್ನ ಹೇಳಿಯೇ ಹೇಳ್ತಾರೆ. ಆದರೆ ಮೊದಲು ಆ ಹಾಡು ಯಾರ ರಾಗ ಸಂಯೋಜನೆ, ಎಷ್ಟು ಕಷ್ಟದ್ದು ಅಂತ ಒಂದು ಕತೆ. ಆಮೇಲೆ ಆ ಸಾಲನ್ನ ತಾನೇ ಮೆಲ್ಲಗೆ ಹಾಡಿ ತೋರಿಸೋದು. ಮಗು ನಗುತ್ತಾ ಕೆಳಗಿಳೀತಿತ್ತು. 1981ರ ಫೆಬ್ರವರಿ 8ರಂದು ಉಪೇಂದ್ರಕುಮಾರ್ ಅವರಿಗಾಗಿ ಒಂದೇ ದಿನ 21 ಕನ್ನಡ ಹಾಡು ಹಾಡಿದ ಮಹಾನುಭಾವ, ಮಗುವಿನ ಒಂದು ಪಲ್ಲವಿಗೆ ಅಷ್ಟು ಹೊತ್ತು ಕಿವಿ ಕೊಡುತ್ತಿದ್ದರು! ಬೈಯದೆ ತಿದ್ದೋದು ಸುಲಭ ಅಂದುಕೊಂಡಿರಾ? ನಿಮ್ಮ ತಮ್ಮನಿಗೆ ಲೆಕ್ಕ ಹೇಳಿಕೊಟ್ಟು ನೋಡಿ.

ಚಂದನದ ‘ಥಟ್ ಅಂತ ಹೇಳಿ’ಯ ಡಾ. ನಾ. ಸೋಮೇಶ್ವರರೂ ಇದೇ ಜಾತಿ. 2002ರಲ್ಲಿ ಶುರುವಾದ ಕಾರ್ಯಕ್ರಮ, ಬಹುಮಾನ ಏನು? ಪುಸ್ತಕ! ಕೋಟಿ ಇಲ್ಲ, ಕಾರಿಲ್ಲ, ಹೊಗೆ ಬಿಡುವ ಮೆಷಿನ್ನೂ ಇಲ್ಲ. ಆದರೂ ಸಾವಿರಾರು ಕಂತು.

ಇನ್ನು ‘ಕಷ್ಟ’ದವರ ಸರದಿ. ಹೆಸರು ಬೇಡ, ನಿಮಗೇ ಗೊತ್ತು. ಮೊನ್ನೆ ತಿಪಟೂರಿನ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಹೋಟೆಲಿನಲ್ಲಿ ಕೂತಿದ್ದೆ. ಗೋಡೆಯ ಮೇಲೆ ಟಿವಿ, ಸೌಂಡ್ ಇಲ್ಲ. ನ್ಯೂಸ್ ಚಾನೆಲಿನಲ್ಲಿ ಒಬ್ಬರು ಕತ್ತಿನ ನರ ಉಬ್ಬಿಸಿಕೊಂಡು ಕೈ ಬೀಸುತ್ತಿದ್ದರು. ಪಕ್ಕದ ಚೌಕದಲ್ಲಿದ್ದ ಅತಿಥಿ ಬಾಯಿ ತೆರೆಯೋದು, ಮುಚ್ಚೋದು, ಮತ್ತೆ ತೆರೆಯೋದು. ಪಾಪ, ಒಂದು ವಾಕ್ಯ ಮುಗಿಸಲಿಲ್ಲ. ಸಪ್ಲೈಯರ್ ಹುಡುಗ ಕಾಫಿ ಇಡುತ್ತಾ ‘ಅಣ್ಣಾ, ಸೌಂಡ್ ಕೊಡ್ಲಾ?’ ಅಂದ.

‘ಬ್ಯಾಡ ಕಣಪ್ಪಾ, ಹಿಂಗೇ ಚೆನ್ನಾಗೈತೆ’ ಅಂದರು ಎದುರಿಗೆ ಕೂತಿದ್ದ ಹಿರಿಯರು. ‘ಆ ಯಪ್ಪ ಕರೆಸಿದ್ಯಾಕೆ ಅವರ್‍ನ?’

ಎಂಥಾ ಪ್ರಶ್ನೆ! ಕರೆಸಿದವರನ್ನ ಮಾತಾಡೋಕೆ ಬಿಡದವನು, ಅಳುತ್ತಿರುವ ತಾಯಿಯ ಬಾಯಿಗೆ ಮೈಕ್ ತುರುಕಿ ‘ಏನನ್ನಿಸ್ತಿದೆ?’ ಅಂತ ಕೇಳುವವನು, ಸ್ಪರ್ಧಿಯ ಬಣ್ಣ ಮೈಕಟ್ಟು ಹಿಡಿದು ಜೋಕ್ ಹೊಡೆದು ತಾನೇ ಮೊದಲು ನಗುವವಳು... ಇವರೆಲ್ಲ ಸೌಂಡ್ ಇಲ್ಲದಿದ್ದರೂ ಸಿಕ್ಕಿಬೀಳುತ್ತಾರೆ.

ಹಾಗಾದರೆ ಇವರನ್ನೇ ಯಾಕೆ ಹಾಕ್ತಾರೆ ಅಂತೀರಾ? ಇಲ್ಲೇ ಇರೋದು ಕಿತಾಪತಿ! ಬಾರ್ಕ್ ಸಂಸ್ಥೆಯವರು ದೇಶದ 50 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಮೀಟರ್ ಇಟ್ಟಿದ್ದಾರೆ. ಟಿಆರ್‌ಪಿ ಅಂತ ನಾವು ಕರೆಯೋದು ಆ ಲೆಕ್ಕವನ್ನೇ. ಆ ಮೀಟರಿಗೆ ಗೊತ್ತಾಗೋದು ಯಾವ ಚಾನೆಲ್, ಯಾರು, ಎಷ್ಟು ಹೊತ್ತು ನೋಡಿದರು ಅಂತ ಮಾತ್ರ. ಮೆಚ್ಚಿ ನೋಡಿದರಾ, ಹಲ್ಲು ಕಡಿದು ನೋಡಿದರಾ, ಅದಕ್ಕೆ ಗೊತ್ತಿಲ್ಲ. ‘ಇವನೆಷ್ಟು ಕಿರುಚ್ತಾನೆ ನೋಡೋಣ’ ಅಂತ ನಾವು ಕೂತ ಅರ್ಧ ಗಂಟೆಯೂ ಅವನ ಖಾತೆಗೇ ಜಮಾ.

ಬಿಗ್ ಬಾಸ್ ಮತದಾನವೂ ಹೀಗೇ ಏಕಪಕ್ಷೀಯ. ಅದು ಉಳಿಸುವ ಮತ, ಓಡಿಸುವ ಮತ ಅಲ್ಲ. 4ನೇ ಸೀಸನ್ನಿನಲ್ಲಿ ಪ್ರಥಮ್ ಬಾಯಿ ನಿಲ್ಲಿಸಲೇ ಇಲ್ಲ. ಮನೆಯವರೆಲ್ಲ ಸುಸ್ತು! ನನಗೂ ತಲೆನೋವು. 2017ರ ಜನವರಿಯಲ್ಲಿ ಗೆದ್ದವರು ಅವರೇ. ಬೇಡ ಅಂದವರ ಲೆಕ್ಕ ಎಲ್ಲೂ ಬರಲಿಲ್ಲ, ಬೇಕು ಅಂದವರು ಬಿಡದೆ ಒತ್ತಿದರು. ಜೊತೆಗೆ ಇನ್ನೊಂದು ಒಪ್ಪಬೇಕು: ಮೊದಲ ದಿನ ಹೇಗಿದ್ದರೋ ಕೊನೆಯ ದಿನವೂ ಹಾಗೇ ಇದ್ದರು. 11ನೇ ಸೀಸನ್ನಿನಲ್ಲಿ ಮಧ್ಯದಲ್ಲಿ ಒಳಗೆ ಹೋದ ಹಾವೇರಿ ಕಡೆಯ ಕುರಿಗಾಹಿ ಗಾಯಕ ಹನುಮಂತ ಪೂರಾ ವಿರುದ್ಧ. ಮಾತು ಕಮ್ಮಿ, ಲುಂಗಿ, ಮುಗುಳ್ನಗೆ. 2025ರ ಜನವರಿಯಲ್ಲಿ ಅವರೂ ಗೆದ್ದರು! ತಿಂಗಳುಗಟ್ಟಲೆ ಪಾತ್ರ ಮಾಡೋಕೆ ಯಾರಿಗೂ ಆಗಲ್ಲ ಸ್ವಾಮಿ. ಎರಡು ಮುಖ ಇಟ್ಟುಕೊಂಡವರನ್ನ ಸಿನಿಮಾ ನೋಡಿ ಪಳಗಿದ ನಮ್ಮ ಕಣ್ಣು ಹಿಡಿದುಬಿಡುತ್ತದೆ.

ಸುದೀಪ್ ವಾರಾಂತ್ಯಕ್ಕೆ ಬಂದು ಅಲ್ಲಿನವರನ್ನ ತರಾಟೆಗೆ ತೆಗೆದುಕೊಳ್ತಾರಲ್ಲ, ಅದು ಯಾಕೆ ಕಷ್ಟ ಅನಿಸಲ್ಲ? ಅಲ್ಲಿ ಬೈಸಿಕೊಳ್ಳೋನು ನಡುಗುವ ಹಳ್ಳಿ ಹುಡುಗ ಅಲ್ಲ, ವಾರವಿಡೀ ಇನ್ನೊಬ್ಬರನ್ನ ತುಳಿದವನು. ಅವನಿಗೂ ಹೇಳೋಕೆ ಅವಕಾಶ ಕೊಟ್ಟೇ ಕೇಳ್ತಾರೆ. ನಾಲ್ಕು ಮಾತಲ್ಲಿ ಮುಗಿಯೋದನ್ನ ಒಮ್ಮೊಮ್ಮೆ ನಲವತ್ತಕ್ಕೆ ಎಳೀತಾರೆ, ಅದು ಬೇರೆ ಮಾತು.

ಒಬ್ಬರನ್ನ ನೆನೆಯದೆ ಮುಗಿಸೋಕೆ ಮನಸ್ಸಿಲ್ಲ. ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರ ‘ಮಸಣದ ಹೂವು’ ಮೂಲಕ ಬಂದ ಅಪರ್ಣಾ. ಬೆಳ್ಳಿತೆರೆ ಅವರನ್ನ ದೊಡ್ಡ ತಾರೆ ಮಾಡಲಿಲ್ಲ. ದೂರದರ್ಶನದ ನಿರೂಪಣೆ ಮಾಡಿತು. ಕನ್ನಡವನ್ನ ಅಷ್ಟು ನಿಧಾನವಾಗಿ, ಅಚ್ಚುಕಟ್ಟಾಗಿ ಮಾತಾಡ್ತಿದ್ದ ಅವರ ಮುಂದೆ ಯಾರೂ ಸಣ್ಣವರಾಗುತ್ತಿರಲಿಲ್ಲ. ಆಮೇಲೆ ‘ಮಜಾ ಟಾಕೀಸ್’ನಲ್ಲಿ ವರಲಕ್ಷ್ಮಿಯಾಗಿ ಬಂದು, ಆ ಗಾಂಭೀರ್ಯವನ್ನೆಲ್ಲ ಪಕ್ಕಕ್ಕಿಟ್ಟು, ತನ್ನನ್ನೇ ನಗೆಪಾಟಲು ಮಾಡಿಕೊಂಡು ನಗಿಸಿದರು. ದೂರದರ್ಶನದ ಕಾಲ ಗೊತ್ತಿಲ್ಲದ ನಿಮ್ಮಂಥ ಹುಡುಗರೂ ಅವರ ಅಭಿಮಾನಿಗಳಾದಿರಿ. ನಮ್ಮ ಮೆಟ್ರೋದ ಕನ್ನಡ ಪ್ರಕಟಣೆಗೆ ದನಿ ಕೊಟ್ಟವರೂ ಅವರೇ. 2024ರ ಜುಲೈ 11ರಂದು ಕ್ಯಾನ್ಸರ್ ಅವರನ್ನ ಕೊಂಡೊಯ್ದಿತು. ಅವರು ಕಿರುಚಿದ್ದು ನನಗಂತೂ ನೆನಪಿಲ್ಲ.

ನಿಮಗೆ ಯಾರು ಇಷ್ಟ, ಯಾರು ಕಷ್ಟ? ಒಂದು ಕಾರ್ಡು ಬರೆದು ಹಾಕಿ. ಕಾರಣ ಇರಲಿ. ಬರೀ ಜೈಕಾರ ಹಾಕಿದ ಕಾರ್ಡು ನೇರ ಕಸದ ಬುಟ್ಟಿಗೆ!